ರಜೆ ಹಾಕಿದ ಫಿರಂಗಿಗೆ, ತೊಟ್ಟಿಲ ಕಡೆಯಿಂದ

ದೇವಳಾಲಿ ಕ್ಯಾಂಪ್, ೧೯೬೮

ಗುಡ್ಡದಾಚೆ ಸೈನ್ಯದ ತರಬೇತಿ ಮೈದಾನದಲ್ಲಿ ಬಿಡಾರ ಹೂಡಿ, ಇಡೀ ಊರಿನ ಕಿಟಕಿ ಗಾಜುಗಳ ಪರಿಚಯ ಇಟ್ಟುಕೊಂಡಿರುವ ಶ್ರೀಮಾನ್ ಫಿರಂಗಿಯವರ ಸನ್ನಿಧಿಗೆ, ಸ್ಟೇಶನ್ ರಸ್ತೆಯಲ್ಲಿ ಇಡ್ಲಿ-ದೋಸೆಯ ಹೋಟೆಲು ನಡೆಸುವ ಕುಂದಾಪುರದ ಸುಧಾಕರ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಮ್ಮ ಸದ್ದು ಜೋರಾಯಿತೆಂದು ದೂರಿದವರು ಈವರೆಗೆ ಬೇಕಾದಷ್ಟು ಮಂದಿ ಇರಬಹುದು. ನನ್ನ ದೂರು ಮಾತ್ರ ತಾವು ಸುಮ್ಮನಾದದ್ದರ ಬಗ್ಗೆ.

ನಮ್ಮ ಮಗಳು ಊರ್ಮಿಳಾ ಹುಟ್ಟಿದಾಗ ದಾದಿ ಪ್ರೇಮಾಬಾಯಿಯವರು, ಮಗುವನ್ನು ದಿನಾ ಒಂದೇ ಹೊತ್ತಿಗೆ ಮಲಗಿಸಿ, ಮಲಗುವ ಮುಂಚೆ ದಿನಾ ಒಂದೇ ಗುರುತು ಇರಲಿ, ಒಂದು ಹಾಡಾದರೂ ಸಾಕು ಎಂದು ನನ್ನ ಹೆಂಡತಿ ವಸಂತಿಗೆ ಬುದ್ಧಿ ಹೇಳಿ ಕಳಿಸಿದರು. ವಸಂತಿಗೆ ಹಾಡು ಬರುವುದಿಲ್ಲ. ನನಗೆ ಬರುತ್ತದೆಂದರೆ ಆಕೆ ಒಪ್ಪುವುದಿಲ್ಲ. ಹೋಟೆಲಿನಲ್ಲಿ ಮಧ್ಯಾಹ್ನದೂಟದ ಗಿರಾಕಿಗಳು ತುಂಬುವ ಹೊತ್ತಿಗೇ ತಾವೂ ಅಭ್ಯಾಸ ಶುರುಮಾಡುತ್ತಿದ್ದುದರಿಂದ, ತಮ್ಮ ಮೊದಲ ಗುಂಡು ಕೇಳಿದ ಕೂಡಲೇ ಹಾಲು ಕುಡಿಸಿ, ಬಟ್ಟೆ ಬದಲಿಸಿ, ಕಣ್ಣು ಎಳೆಯುತ್ತಿರುವಾಗಲೇ ತೊಟ್ಟಿಲಿಗೆ ಹಾಕುವ ರೂಢಿ ಬಿತ್ತು. ಮುಂದಿನ ಗುಂಡಿಗೆ ಆಕಳಿಕೆ, ಅದರ ಹಿಂದೆಯೇ ನಿದ್ದೆ. ಸರಕಾರದ ಖರ್ಚಿನಲ್ಲಿ ಇಂಥ ಜೋಗುಳ ಯಾವ ಶ್ರೀಮಂತರ ಕೂಸಿಗೆ ಸಿಕ್ಕೀತು, ತಾವೇ ಹೇಳಬೇಕು.

ಹೀಗಿರುವಾಗ, ಗಣಪತಿ ಹಬ್ಬ ಮುಗಿದದ್ದೇ ತಡ, ತಾವು ಮಗುವಿಗೆ ಒಂದು ಮಾತೂ ಹೇಳದೆ ರಜೆ ಹಾಕಿದಿರಿ. ಅದೇ ವಾರ ನನ್ನ ಅತ್ತೆ ವಾರಿಜಾಕ್ಷಿಯಮ್ಮನವರು ಮೊಮ್ಮಗಳನ್ನು ನೋಡಲು ಊರಿನಿಂದ ಬಂದಿಳಿದರು. ಮಗು ಮಧ್ಯಾಹ್ನವಿಡೀ ಕಿರುಚುತ್ತದೆ. ಹಸಿವೋ, ಒದ್ದೆಯೋ, ಇರುವೆಯೋ ಎಂದು ಎಲ್ಲ ನೋಡಿದ್ದಾಯಿತು. ಅತ್ತೆಯವರು ದೃಷ್ಟಿ ತೆಗೆದರು, ಮನೆಗೆ ಅಂಟಿಕೊಂಡೇ ಇರುವ ಹೋಟೆಲಿನಲ್ಲಿ ಒಂದು ಚಮಚವೂ ಸದ್ದು ಮಾಡಬಾರದೆಂದು ಅಪ್ಪಣೆ ಹೊರಡಿಸಿದರು. ಸದ್ದು ಕಡಿಮೆಯಾದಷ್ಟೂ ಕೂಸು ಹೆಚ್ಚು ಅತ್ತಿತು. ಕೊನೆಗೆ, "ಈ ಊರಗೆ ಮಕ್ಕಳ್ ಸಾಕುಕಾತಿಲ್ಲೆ, ನಾ ಕರ್ಕಂಡ್ ಹೋತೆ" ಎಂದು ಮಗುವನ್ನು ಊರಿಗೆ ಒಯ್ಯುವ ತೀರ್ಪು ಕೊಟ್ಟು, ಶುಕ್ರವಾರದ ರೈಲಿಗೆ ಟಿಕೆಟನ್ನೂ ತೆಗೆಸಿದ್ದಾರೆ. ವಸಂತಿ ಮಗುವಿನ ಅಂಗಿಗಳನ್ನು ಪೆಟ್ಟಿಗೆಗೆ ತುಂಬುತ್ತಾಳೆ, ಮತ್ತೆ ತೆಗೆದು ಹಗ್ಗಕ್ಕೆ ಹಾಕುತ್ತಾಳೆ. ಗಲ್ಲಾದಲ್ಲಿ ಕೂತ ನಾನು ಎಣಿಸಿದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತೇನೆ.

ನಾವು ಕೈಕಟ್ಟಿ ಕೂತಿರಲಿಲ್ಲ. ತಮ್ಮ ಬದಲಿಗೆ ನಾನು ಖಾಲಿ ಎಣ್ಣೆ ಡಬ್ಬವನ್ನು ಅಟ್ಟದಿಂದ ಕೆಳಕ್ಕೆ ಬಿಟ್ಟೆ. ಅಸಲು ಮಾಲಿಗೆ ಒಗ್ಗಿದ ಮಗಳು ನನ್ನನ್ನು ತಿರಸ್ಕಾರದಿಂದ ನೋಡಿದಳು; ಮಸಾಲೆ ದೋಸೆ ತಿನ್ನುತ್ತಿದ್ದ ಸಿಪಾಯಿಗಳು ಮಾತ್ರ ತಟ್ಟೆ ಸಮೇತ ಮೇಜಿನಡಿ ಹೊಕ್ಕರು.

ಆದುದರಿಂದ ತಾವು ದೊಡ್ಡ ಮನಸ್ಸು ಮಾಡಿ ಶುಕ್ರವಾರದೊಳಗೆ ಒಂದು ಸಲ ಗುಡುಗಬೇಕು. ಗುಡ್ಡ ಬೇಸರವಾಗಿದ್ದರೆ ನಮ್ಮ ಹಿತ್ತಲಿಗೇ ಬಂದು ನಿಲ್ಲಬಹುದು, ರುಬ್ಬುವ ಕಲ್ಲನ್ನು ಸರಿಸಿ ಜಾಗ ಮಾಡಿಕೊಡುತ್ತೇವೆ. ಮುಂದೆ ರಜೆ ಹಾಕುವಾಗ ತಮ್ಮ ಮರಿಯೊಂದನ್ನು, ಪಿಸ್ತೂಲಾದರೂ ಸರಿ, ಬದಲಿ ಕೆಲಸಕ್ಕೆ ಬಿಟ್ಟುಹೋಗಬೇಕು. ಹಲ್ಲು ಬರುವ ಕಾಲಕ್ಕೆ ಏನು ಮಾಡಬೇಕೆಂದೂ ತಿಳಿಸಿದರೆ ಉಪಕಾರ. ಮಗು ನಮ್ಮ ಹತ್ತಿರವೇ ಇರಲಿ ಎಂಬುದಷ್ಟೇ ನಮ್ಮ ಆಸೆ.

ಕಿವಿ ತೆರೆದು ಕಾದಿರುವ
ತಮ್ಮ ವಿಶ್ವಾಸಿ,
ಸುಧಾಕರ

ತಾ.ಕ.: ಈ ಬಹಿರಂಗ ಪತ್ರವನ್ನು ಹೋಟೆಲಿನ ಗೋಡೆಗೆ ಅಂಟಿಸುವಷ್ಟರಲ್ಲೇ ತಾವು ಗುಡುಗಿದಿರಿ. ಬಿಸ್ಕತ್ತಿನ ಭರಣಿ ಒಡೆಯಿತು, ಮಗು ಮಲಗಿತು, ವಸಂತಿ ಸಂತೋಷಕ್ಕೆ ಅತ್ತಳು. ತೊಟ್ಟಿಲ ಪಕ್ಕದಲ್ಲಿ ಅತ್ತೆಯವರೂ ಗೊರಕೆ ಹೊಡೆದರು. ಎದ್ದವರೇ, ಊರಲ್ಲಿ ಎಷ್ಟೋ ವರ್ಷದಿಂದ ಇಂಥ ನಿದ್ದೆ ಬಂದಿರಲಿಲ್ಲವೆಂದು ಹೇಳಿ, ಟಿಕೆಟು ವಾಪಸು ಮಾಡಿಸಿ, ಯುಗಾದಿಯವರೆಗೆ ಇಲ್ಲೇ ಇರುವುದಾಗಿ ಸಾರಿದ್ದಾರೆ. ಮಾನ್ಯರೇ, ತಮ್ಮ ಮುಂದಿನ ರಜೆ ಯಾವಾಗ?