ಹೀರೆಬಳ್ಳಿಯ ಡ್ರಿಲ್ ಮಾಸ್ತರು

ಹೀರೆಬಳ್ಳಿಗೆ ‘ಅಟೆನ್ಷನ್’ ಹೇಳಿದ ಮನುಷ್ಯ ಈ ಭೂಮಿ ಮೇಲೆ ಒಬ್ಬರೇ, ಅವರು ನನ್ನ ಮಾವನವರು! ಬೇಕಾದರೆ ನಗಿ. ಆ ಬೇಸಿಗೆಯಲ್ಲಿ ನಾವೂ ನಗುತ್ತಿದ್ದೆವು. ನಗುವುದಕ್ಕೆ ಮನೆಯಲ್ಲಿ ಬೇರೇನೂ ಇರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಮನೆ. ಮಾವ ರಿಟೈರಾದ ಡ್ರಿಲ್ ಮಾಸ್ತರು. ಅತ್ತೆಗೆ ಹೊಟ್ಟೆಯಲ್ಲಿ ಗಡ್ಡೆ. ಬೆಂಗಳೂರಿನ ಡಾಕ್ಟರು ಹೊಟ್ಟೆ ಕೊಯ್ದು ನೋಡಿ, ಹಾಗೇ ಹೊಲಿದು, “ಮನೆಗೆ ಕರ್ಕೊಂಡು ಹೋಗಿ, ಏನು ಕೇಳಿದ್ರೆ ಅದು ಕೊಡಿ” ಎಂದು ಕಳಿಸಿಬಿಟ್ಟಿದ್ದರು. ನಮ್ಮತ್ತೆ ಕೇಳಿದ್ದೇನು ಗೊತ್ತೇ? ಸೇಬಲ್ಲ, ದ್ರಾಕ್ಷಿಯಲ್ಲ!

“ಹೀರೇಕಾಯಿ ಸಾರು. ನಮ್ಮ ಹಿತ್ತಲಲ್ಲೇ ಬೆಳೆದಿದ್ದಾಗ್ಬೇಕು. ಅಂಗಡೀದು ಬ್ಯಾಡ.”

ಆಗ ಹಿತ್ತಲಲ್ಲಿ ಬೆಳೆದು ನಿಂತಿದ್ದದ್ದು ಒಗೆಯುವ ಕಲ್ಲೊಂದೇ!

ಗುಬ್ಬಿ ಕಡೆಯ ರೈತರ ಮಗಳಾದ ಅತ್ತೆಗೆ ತೋಟದ ಕೆಲಸ ಅಂಗೈ ಮೇಲಿನ ಗೆರೆ. ಮಾವನಿಗೆ ಹುಲ್ಲು ಯಾವುದು, ಸೊಪ್ಪು ಯಾವುದು ಗೊತ್ತಿಲ್ಲ. ಆದರೂ ಶಿವರಾತ್ರಿ ಕಳೆದ ಮಾರನೇ ದಿನವೇ ಅತ್ತೆಯ ಕಿಟಕಿಯ ಕೆಳಗೆ ಬೀಜ ಊರಿದರು. ಬೀಜ ಕಾಯಾಗಲು ಎರಡು ತಿಂಗಳು. ಅತ್ತೆಗೆ ಉಳಿದಿದೆ ಎಂದು ಡಾಕ್ಟರು ಹೇಳಿದ್ದೂ ಅಷ್ಟೇ.

ಮನೆಯಲ್ಲಿ ಮಿಲಿಟರಿ ಶುರುವಾಯಿತು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ. ಮುಖ ತೊಳೆದರೆ ಬಳ್ಳಿಯ ಬುಡದಲ್ಲೇ ತೊಳೆಯಬೇಕು. ಅಕ್ಕಿ ತೊಳೆದ ನೀರು ಚೆಲ್ಲಿದರೆ ಸೀಟಿ! ಅತ್ತೆಯನ್ನು ನೋಡಲು ಬಂದ ಬೀಗರಿಗೂ ಕಾಲಿಗೆ ನೀರು ಕೊಟ್ಟದ್ದು ಹೀರೆ ಪಾತಿಯಲ್ಲೇ. ಪಾಪ, ಅವರು ಅಳುತ್ತಾ ಬಂದಿದ್ದರು, ಕೆಸರು ಮೆತ್ತಿಕೊಂಡು ಒಳಗೆ ಹೋದರು.

ಬೆಳಿಗ್ಗೆ ಬೆಳಿಗ್ಗೆ ಮಾವ ಕಿಟಕಿಯ ಮುಂದೆ ನೆಟ್ಟಗೆ ನಿಂತು ವರದಿ ಒಪ್ಪಿಸುತ್ತಿದ್ದರು. “ಇವತ್ತು ಹನ್ನೆರಡು ಹೂ ಕಣೇ!”

ಅತ್ತೆ ಮಲಗಿದ್ದಲ್ಲಿಂದಲೇ ನೋಡಿ, “ಎಲ್ಲಾ ಗಂಡು ಹೂವು ಕಣ್ರೀ. ಹಳದಿ ಶರ್ಟು ಹಾಕ್ಕೊಂಡು ನಿಂತ್ಕೋತವೆ, ಕೆಲಸಕ್ಕೆ ಬರಲ್ಲ. ನಿಮ್ಮಂಗೆ!” ಎಂದರು.

ಮಾವ ಬಳ್ಳಿಯ ಕಡೆ ತಿರುಗಿ, “ಅಟೆನ್ಷನ್! ಕೇಳಿಸ್ತೇನ್ರೋ? ನಾಚ್ಕೆ ಆಗಲ್ವ?” ಎಂದು ಗದರಿಸಿದರು.

ಯುಗಾದಿ ಕಳೆದು ಹದಿನೈದು ದಿನಕ್ಕೆ ಅತ್ತೆಗೆ ಗಂಜಿಯೂ ಇಳಿಯದಾಯಿತು. ಬಳ್ಳಿಯಲ್ಲಿ ಮಾತ್ರ ಒಂದು ಪೀಚೂ ಇಲ್ಲ. ಒಂದು ದಿನ ಮಾವ “ಪೆನ್ಷನ್ ಆಫೀಸು” ಎಂದು ಸೈಕಲ್ ಹತ್ತಿ ಹೋದವರು ಮಧ್ಯಾಹ್ನ ಧೂಳು ಮೆತ್ತಿಕೊಂಡು ಬಂದರು. ಸ್ವಲ್ಪ ಹೊತ್ತಿಗೇ ಹಿತ್ತಲಿಂದ ಕೂಗು: “ಬಿಡ್ತು ಕಣೇ, ಕಾಯಿ ಬಿಡ್ತು!”

ನೋಡಿದರೆ ಮೊಳದುದ್ದದ ಹೀರೇಕಾಯಿ! ನಿನ್ನೆ ಇಲ್ಲದ್ದು ಇವತ್ತು ಮೊಳದುದ್ದ!

ಮಾವ ಕುಡುಗೋಲು ತರಲು ಹೋದಾಗ ಅತ್ತೆ ನನ್ನ ಸೆರಗು ಹಿಡಿದೆಳೆದರು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅದುಮಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು. “ದಾರದಲ್ಲಿ ಕಟ್ಟವ್ರೆ ಕಣೇ! ಅದೂ ತೊಟ್ಟು ಕೆಳಗೆ ಮಾಡಿ, ತಲೆಕೆಳಗಾಗಿ!” ಆಮೇಲೆ ದನಿ ತಗ್ಗಿಸಿದರು. “ಹೇಳ್ಬ್ಯಾಡ. ಇವತ್ತು ಬೆಳ್ಳಾವಿ ಸಂತೆ. ಈ ಬಿಸಿಲಲ್ಲಿ ಅಲ್ಲೀಗಂಟ ಹೋಗಿ ತಂದವ್ರೆ.”

ಆ ದಿನ ಅತ್ತೆ ನಾಲ್ಕು ತುತ್ತು ಉಂಡರು. ಬಾಗಿಲ ಹಿಂದೆ ನಿಂತಿದ್ದ ಮಾವನಿಗೂ ಕೇಳುವಂತೆ, “ಹಿತ್ತಲ ಕಾಯಿ ರುಚಿನೇ ಬ್ಯಾರೆ ಬುಡು!” ಎಂದರು.

ಮುಂದಿನ ವಾರ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾವ, ಎಂದೂ ಅಡುಗೆಮನೆಗೆ ಕಾಲಿಡದವರು, ಒಲೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಗೇಣುದ್ದದ, ಸೊಟ್ಟ ಹೀರೇಕಾಯಿ.

“ಇದು ನಿಜವಾಗ್ಲೂ ನಮ್ಮ ಬಳ್ಳೀದು ಕಣಮ್ಮ.”

ಸಾರು ಮಾಡಿದೆ. ನೀರು ಸಾಲದೆ ಬೆಳೆದ ಕಾಯಿ, ಹಾಲಾಹಲದಂಥ ಕಹಿ! ನನ್ನ ಗಂಡ ಬಾಯಿಗಿಟ್ಟವರೇ ಬಚ್ಚಲಿಗೆ ಓಡಿದರು. ಮಾವ ನಿಧಾನವಾಗಿ ಅಗಿದು ನುಂಗಿದರು.

“ಸದ್ಯ,” ಎಂದರು, “ಅವಳಿಗೆ ಇದು ಸಿಗಲಿಲ್ಲ.”

ತಟ್ಟೆ ಮುಂದಕ್ಕೆ ಚಾಚಿದರು. “ಇನ್ನೊಂದು ಸೌಟು ಹಾಕಮ್ಮ.”