ಬಂದೂಕಿನ ಬೆಲೆ ಕಟ್ಟಿದ ಅಳಿಯ

ನಿನ್ನ ಗಂಡನಿಗೆ ಹೆದರಿಕೆ ಇಲ್ಲದ ವಸ್ತು ಜಗತ್ತಿನಲ್ಲಿ ಯಾವುದು ಎಂದು ಯಾರಾದರೂ ಕೇಳಿದ್ದರೆ, ಮನಗೂಳಿಯ ಕಿರಾಣಿ ಅಂಗಡಿಯ ರಾವಸಾಬನ ಹೆಂಡತಿ ಇಂದ್ರಾಬಾಯಿ ಸ್ವಲ್ಪ ಹೊತ್ತು ಯೋಚಿಸಿ, ‘ಊಟ’ ಎಂದು ಹೇಳುತ್ತಿದ್ದಳು. ದೀಪಾವಳಿಯಲ್ಲಿ ಓಣಿಯ ಹುಡುಗರು ಪಟಾಕಿ ಹಚ್ಚತೊಡಗಿದರೆ ರಾವಸಾಬ ಅಂಗಡಿಯೊಳಗೆ ಕಡಲೆಚೀಲದ ಹಿಂದೆ ಕೂತು ತಕ್ಕಡಿ ಒರೆಸುತ್ತಿದ್ದ (ಒಂದೇ ತಕ್ಕಡಿಯನ್ನು ಸಂಜೆಯಿಂದ ಊಟದ ಹೊತ್ತಿನ ತನಕ ಒರೆಸಿದವನು ಆ ಸೀಮೆಯಲ್ಲಿ ಅವನೊಬ್ಬನೇ). ಬೀದಿಯಲ್ಲಿ ಸೈಕಲ್ಲಿನ ಟ್ಯೂಬು ಒಡೆದರೂ ಎದೆ ಹಿಡಿದುಕೊಳ್ಳುತ್ತಿದ್ದ.

ಇಂಥ ರಾವಸಾಬ ಸಿಂದಗಿ ತಾಲ್ಲೂಕಿನ ಯಂಕಂಚಿಗೆ, ಮಾವನ ಮನೆಗೆ, ಕಾಲಿಟ್ಟನೆಂದರೆ ಮಾತ್ರ ಶಿಕಾರಿ ವೀರನಾಗಿಬಿಡುತ್ತಿದ್ದ.

ಅದಕ್ಕೆ ಕಾರಣ ಆ ಮನೆಯ ಪಡಸಾಲೆಯ ಗೋಡೆಗೆ ತೂಗುತ್ತಿದ್ದ ಬಂದೂಕು. ಕುರಿಹಿಂಡಿನ ಮೇಲೆ ತೋಳ ಬೀಳುತ್ತವೆಂದು ಮಾವ ಅಮೋಘಸಿದ್ಧನ ತಂದೆ ಇಂಗ್ಲಿಷರ ಕಾಲದಲ್ಲಿ ಲೈಸನ್ಸು ಮಾಡಿಸಿ ತಂದದ್ದು. ಎಲ್ಲ ಬಂದೂಕುಗಳಂಥದಲ್ಲ ಅದು. ಬೆರಳಿಡುವ ಕುದುರೆಯ ಸುತ್ತ ಕಬ್ಬಿಣದ ಬಳೆಯೊಂದಿತ್ತು. ಬಳೆಯನ್ನು ಕೆಳಗೆಳೆದರೆ ಬಂದೂಕಿನ ಹೊಟ್ಟೆ ತೆರೆಯುತ್ತಿತ್ತು, ಮೇಲಕ್ಕೊತ್ತಿದರೆ ಹೊಸ ಗುಂಡು ಬಂದು ಕೂರುತ್ತಿತ್ತು. ಹೊಸ ಅಳಿಯನಾಗಿ ಹೋದಾಗ ಮಾವ, “ಬಂದೂಕ ಹಿಡದು ಗೊತ್ತೈತೇನ್ರಿ ಅಳ್ಯಾರ?” ಎಂದು ಕೇಳಿದ. ಪಕ್ಕದಲ್ಲಿ ಇಬ್ಬರು ಭಾವಮೈದುನರು ಕಣ್ಣರಳಿಸಿ ನಿಂತಿದ್ದರು. ರಾವಸಾಬ ಮೀಸೆಯ ಮೇಲೆ ಕೈಯಿಟ್ಟು, “ದೇಸಾಯರ ಜೋಡಿ ಶಿಕಾರಿಗೆ ಹೋಗಾಂವ ನಾನು” ಎಂದ. ಸುಳ್ಳೇನಲ್ಲ. ಒಂದು ಸಲ ಹೋಗಿದ್ದ. ಬುತ್ತಿಗಂಟು ಹೊತ್ತುಕೊಂಡು ಹೋಗಿದ್ದ. ಮೊದಲ ಈಡು ಹಾರಿದೊಡನೆ ಗಂಟು ಬಿಸಾಕಿ ಓಡಿದವನು ಊರ ಬಾವಿಯ ಹತ್ತಿರ ನಿಂತಿದ್ದ. ಆ ದಿನ ದೇಸಾಯರು ಉಪವಾಸ. ಈ ಎರಡನೆಯ ಅರ್ಧ ಇಂದ್ರಾಬಾಯಿಗೆ ಮಾತ್ರ ಗೊತ್ತಿತ್ತು, ತವರಿನಲ್ಲಿ ಗಂಡನ ಮಾನ ಕಾಯಬೇಕೆಂದು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ಎಪ್ಪತ್ತೈದನೆಯ ಇಸವಿಯಲ್ಲಿ, ಮಾವ ತೀರಿ ವರ್ಷ ಕಳೆದ ಮೇಲೆ, ಭಾವಮೈದುನರಾದ ಸೋಮನಿಂಗ ಮತ್ತು ಸಿದ್ದರಾಯ ಬೇರೆಯಾಗಲು ನಿಂತರು. ಹೊಲ, ಕುರಿ, ಹಂಡೆ, ಒನಕೆ, ಎಲ್ಲ ಎರಡು ಪಾಲಾದವು. ಕೊನೆಗೆ ಉಳಿದವು ಎರಡು. ಒಂದು ಈ ಬಂದೂಕು. ಇನ್ನೊಂದು, ಕತ್ತಿಯಂಥ ಉದ್ದ ಕೋಡಿನ ಪಂಢರಪುರಿ ಎಮ್ಮೆ. ಪಾಲು ಮಾಡಲು ಕೂತಿದ್ದ ಹಿರಿಯ ಧೂಳಪ್ಪ ಒಂದು ತೀರ್ಮಾನ ಹೇಳಿದ. ಮನೆಯ ಮಗಳಿಗೆ ಅರಿಷಿಣ-ಕುಂಕುಮಕ್ಕೆಂದು ಇವೆರಡರಲ್ಲಿ ಒಂದನ್ನು ಕೊಡಬೇಕು, ಹೆಚ್ಚು ಬೆಲೆಯದು ಮನೆಯಲ್ಲಿ ಉಳಿಯಬೇಕು, ಕಡಿಮೆ ಬೆಲೆಯದು ಮಗಳ ಸಂಗಡ ಹೋಗಬೇಕು. ಎಮ್ಮೆಯ ಬೆಲೆ ಕಟ್ಟುವವರು ಊರಲ್ಲಿ ಓಣಿಗೊಬ್ಬರಿದ್ದರು. ಬಂದೂಕಿನದನ್ನು ಕಟ್ಟುವವರು ಯಾರು?

“ನಮ್ಮ ಮಾಮಾರ ಇಲ್ಲೇನು?” ಎಂದ ಸಿದ್ದರಾಯ. “ದೇಸಾಯರ ಜೋಡಿ ಶಿಕಾರಿ ಆಡಿದವರು.”

ಸುದ್ದಿ ಮನಗೂಳಿಗೆ ಮುಟ್ಟಿದಾಗ ರಾವಸಾಬನ ಕೈಯೊಳಗಿನ ಎಣ್ಣೆಯ ಅಳತೆ ಡಬ್ಬಿಯೊಳಗೇ ಬಿತ್ತು. ಇಂದ್ರಾಬಾಯಿಗಾದರೋ ಹಬ್ಬ. ದೇವರ ಹಿಪ್ಪರಗಿಯ ಸಂತೆಗೆ ಹೋಗಿ ಎಮ್ಮೆಗೆಂದು ಹೊಸ ಹಗ್ಗ, ಹಿತ್ತಾಳೆಯ ಗಂಟೆ ತಂದಳು.

“ನೀವು ಮಾಡೂದು ಒಂದs ಕೆಲಸ” ಎಂದಳು. “ಬಂದೂಕನ್ನ ಆಕಾಶಕ್ಕ ಏರಿಸ್ರಿ. ಎಮ್ಮಿ ತಾನs ಇಳದು ನಮ್ಮ ಮನಿಗೆ ಬರ್ತೈತಿ.”

“ಅದನ್ನ ಮುಟ್ಟಿ ನೋಡಬೇಕಾಕ್ಕೈತಲ್ಲ.”

“ಮುಟ್ಟಿದ್ರ ಕಚ್ಚತೈತೇನು?”

“ಅದರ ಕೆಲಸಾನs ಕಚ್ಚೂದು” ಎಂದ ರಾವಸಾಬ.

ಆದರೂ ವಿದ್ಯೆಯಿಲ್ಲದೆ ಪರೀಕ್ಷೆಗೆ ಕೂರುವುದು ಹೇಗೆ ಎಂದು ಇಂಡಿಗೆ ಹೋಗಿ ಕೀಲಿ-ಬಂದೂಕು ರಿಪೇರಿಯ ಅಮೀನುದ್ದೀನನನ್ನು ಕಂಡ. ಅಮೀನುದ್ದೀನ ಸಾವಕಾಶ ಹೇಳಿಕೊಟ್ಟ. ಮೊದಲು ಹಿಡಿಕೆಯ ಕಟ್ಟಿಗೆ ಸೀಳಿದೆಯೋ ನೋಡಬೇಕು. ಆಮೇಲೆ ಕಬ್ಬಿಣದ ಹಳೆಯ ಬಣ್ಣ ಉಳಿದಿದೆಯೋ, ಯಾರಾದರೂ ಉಜ್ಜಿ ಬೆಳ್ಳಗೆ ಮಾಡಿದ್ದಾರೋ ನೋಡಬೇಕು, ಉಜ್ಜಿದ್ದರೆ ಬೆಲೆ ಹೋಯಿತು. ಆಮೇಲೆ ಬಳೆ ಎಳೆದು ಹೊಟ್ಟೆ ತೆರೆದು, ಒಳಗೆ ಏನೂ ಇಲ್ಲವೆಂದು ಕಣ್ಣಾರೆ ಕಾಣಬೇಕು.

“ಕಡೀಕ ಮುಖ್ಯದ್ದು ಐತ್ರಿ. ತೆರೆದ ಹೊಟ್ಟಿಯಾಗ ಹೆಬ್ಬಟ್ಟಿನ ಉಗುರು ಹಿಡೀರಿ, ಉಗುರಿನ ಬೆಳಕು ನಳಿಯೊಳಗ ಬೀಳ್ತೈತಿ. ಈ ಕಡೆ ಬಾಯಿಗೆ ಕಣ್ಣ ಹಚ್ಚಿ ನೋಡ್ರಿ.”

“ಯಾರ ಬಾಯಿಗೆ?”

“ಬಂದೂಕಿನ ಬಾಯಿಗ್ರಿ.”

ಅಲ್ಲಿಗೆ ರಾವಸಾಬನ ತಲೆಯಲ್ಲಿ ಉಳಿದೆಲ್ಲ ಪಾಠ ಅಳಿಸಿಹೋಯಿತು. ಬಂದೂಕಿನ ಬಾಯಿ, ತನ್ನ ಕಣ್ಣು, ಇವೆರಡೇ ಉಳಿದವು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡೇ ಬಂದ. ಪಕ್ಕದವನು, “ಕಣ್ಣ ಬಂದಾವೇನ್ರಿ?” ಎಂದು ಕೇಳಿ ಆಚೆ ಸರಿದು ಕೂತ.

ಪಾಲಿನ ದಿನ ಪಡಸಾಲೆಯಲ್ಲಿ ಕಂಬಳಿ ಹಾಸಿ ಬಂದೂಕನ್ನು ಮಲಗಿಸಿದ್ದರು. ಧೂಳಪ್ಪ ತಲೆಗೆ ರುಮಾಲು ಸುತ್ತಿ ನಡುವೆ ಕೂತಿದ್ದ. ಅತ್ತೆ ಹುಚ್ಚವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲಿ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು. ಇಂದ್ರಾಬಾಯಿ ಅದರ ಕಡೆ ನೋಡುವ ನೋಟದಲ್ಲಿ ಆಗಲೇ ಕೆನೆಗಟ್ಟಿತ್ತು. ರಾವಸಾಬ ಬಂದೂಕಿನ ಬಾಯಿ ಯಾವ ಕಡೆಗಿದೆಯೆಂದು ನೋಡಿ, ಅದರ ಹಿಂದಿನ ತುದಿಗೆ ಹೋಗಿ ಕೂತ. ಸಿದ್ದರಾಯ ಮಾಮನಿಗೆ ಅನುಕೂಲವಾಗಲೆಂದು ಅದನ್ನು ತಿರುಗಿಸಿ ಇಟ್ಟ. ರಾವಸಾಬ ಎದ್ದು ಇನ್ನೊಂದು ಬದಿಗೆ ಹೋದ. ಹೀಗೆ ಮಾಮ-ಭಾವಮೈದುನರು ಕಂಬಳಿಯ ಸುತ್ತ ಪ್ರದಕ್ಷಿಣೆ ಮಾಡಿದ ಮೇಲೆ ಧೂಳಪ್ಪ, “ನೋಡಾಕ ಸುರು ಮಾಡ್ರಿ, ಹೊತ್ತ ಏರಾಕತ್ತೈತಿ” ಎಂದ.

ರಾವಸಾಬ ಎಮ್ಮೆ ಹೊಡೆಯುವ ಕೋಲು ತರಿಸಿ, ದೂರದಿಂದಲೇ ಅದರ ತುದಿಯಿಂದ ಮುಟ್ಟುತ್ತ ಪರೀಕ್ಷೆ ಆರಂಭಿಸಿದ (ದೊಡ್ಡ ಶಿಕಾರಿಗಳ ರೀತಿ ಹೀಗೆಯೇ ಇರಬಹುದೆಂದು ಎಲ್ಲರೂ ಸುಮ್ಮನಿದ್ದರು).

“ಕಟ್ಟಿಗಿ ಭಾಳ ಚಲೋ ಐತಿ. ಎಲ್ಲೂ ಸೀಳಿಲ್ಲ” ಎಂದ. ಇಂದ್ರಾಬಾಯಿಯ ಚೀಲದಲ್ಲಿ ಗಂಟೆ ಕಿಣಿಕ್ ಎಂದಿತು.

“ಕಬ್ಬಿಣ ಅಪರಂಜಿ. ಯಾರೂ ಉಜ್ಜಿಲ್ಲ. ಇಂಥಾ ಬಣ್ಣ ಈಗ ಬರಂಗಿಲ್ಲ.” ಗಂಟೆ ಮತ್ತೊಮ್ಮೆ ಕಿಣಿಕ್ ಎಂದಿತು.

“ಇನ್ನ ಆ ಬಳಿ ಎಳದು ತೋರಸ್ರಿ” ಎಂದ ಧೂಳಪ್ಪ.

ಸೋಮನಿಂಗ ಗಂಟಲು ಸರಿಪಡಿಸಿಕೊಂಡ. “ಮಾಮಾರ, ಸ್ವಲ್ಪ ನೋಡಕೊಂಡು. ನಮ್ಮಪ್ಪ ಕಡೀ ಸಲ ತೋಳ ಬಂತಂತ ಗುಂಡು ತುಂಬ್ಕೊಂಡು ಹೋಗಿದ್ದ. ತೋಳ ಸಿಗಲಿಲ್ಲ. ಹಂಗs ತಂದು ತೂಗ ಹಾಕಿದ.”

“ಗುಂಡು ತಗದಿದ್ದನೇನು?” ಎಂದ ಧೂಳಪ್ಪ.

“ಯಾಂವ ಕೇಳ್ಯಾನ್ರಿ” ಎಂದ ಸೋಮನಿಂಗ.

ರಾವಸಾಬನ ಅಂಗಾಲಿನಿಂದ ಬೆವರು ಹೊರಟು ನೆತ್ತಿಯ ತನಕ ಏರಿತು. ಕೋಲು ಕೈಯಿಂದ ಜಾರಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹುಬ್ಬಿನಿಂದಲೇ ‘ಎಳೀರಿ’ ಎಂದಳು. ಅವನು ಮೊಣಕಾಲೂರಿ, ಮುಖವನ್ನು ಬೆನ್ನ ಕಡೆಗೆ ತಿರುಗಿಸಿ, ಎರಡು ಬೆರಳಿನಿಂದ ಬಳೆಯನ್ನು ಮುಟ್ಟಿದ. ಒಳಗೆಲ್ಲೋ ‘ಟಕ್’ ಎಂದಿತು. ಆ ಸಣ್ಣ ಸದ್ದಿಗೆ ರಾವಸಾಬ ಕೂತಲ್ಲಿಂದಲೇ ಕಂಬದ ತನಕ ಹೋಗಿದ್ದ. ಹೇಗೆ ಹೋದನೆಂದು ಯಾರಿಗೂ ಕಾಣಲಿಲ್ಲ.

ಮಾನ ಉಳಿಸಿಕೊಳ್ಳಲು ಈಗ ಏನಾದರೊಂದು ಮಾಡಲೇಬೇಕು. ಬದಿಯಿಂದ ಮೆಲ್ಲಗೆ ಬಂದು ಬಂದೂಕಿನ ಬಾಯನ್ನು ಓರೆಗಣ್ಣಿನಲ್ಲಿ ನೋಡಿದ. ಬಾಯಿ ಖಾಲಿಯಿರಲಿಲ್ಲ. ಕರ್ರಗೆ ಏನೋ ಗಟ್ಟಿಯಾಗಿ ಗಿಡಿದಿತ್ತು. ಮೂಗು ಚಾಚಿದ. ಸುಟ್ಟ ಬೆಲ್ಲದ ವಾಸನೆ. ಕಂಬಳಿಯ ಅಂಚಿನಿಂದ ಇರುವೆಯ ಸಾಲೊಂದು ಹೊರಟು ನೇರ ಆ ಬಾಯೊಳಗೆ ಹೋಗುತ್ತಿತ್ತು.

“ಮದ್ದು ಹಳೇದಾತಂದ್ರ ಬೆಲ್ಲದ ವಾಸನಿ ಹೊಡೀತೈತಿ” ಎಂದು ರಾವಸಾಬ ಘೋಷಿಸಿದ. ಈ ಶಾಸ್ತ್ರ ಅವನಿಗೆ ಆ ಕ್ಷಣದಲ್ಲಿ ಹೊಳೆದದ್ದು. “ಒಳಗ ಗುಂಡು ಕುಂತೈತಿ. ಮದ್ದು ನಳಿ ತುಂಬ ಉಬ್ಬಿ ಬಾಯಿ ತನಕ ಬಂದೈತಿ. ಯಾರೂ ಮುಟ್ಟಬ್ಯಾಡ್ರಿ. ಸೀನಬ್ಯಾಡ್ರಿ.”

ಪಡಸಾಲೆ ಅರ್ಧ ಖಾಲಿಯಾಯಿತು. ಸಿದ್ದರಾಯ ಕಂಬದ ಹಿಂದೆ ಹೋದ. ಅಲ್ಲಿ ಜಾಗ ಮೊದಲೇ ಮಾಮನಿಂದ ತುಂಬಿತ್ತು.

ಧೂಳಪ್ಪ ಕೂತಲ್ಲಿಂದ ಏಳಲಿಲ್ಲ (ಮೊಣಕಾಲು ನೋವಿಗೆ ಏಳಲಾಗುತ್ತಿರಲಿಲ್ಲ, ಊರು ಅದನ್ನು ಧೈರ್ಯವೆಂದು ತಿಳಿಯಿತು). “ಹಂಗಾರ ಇದರ ಬೆಲಿ ಏನಾತ್ರಿ?”

“ಬೆಲಿ ಎಲ್ಲೀದು ಕಾಕಾ. ಮನ್ಯಾಗ ಇಟ್ಟ್ರ ಮನಿ ಹಾರತೈತಿ. ಇದು ಬಂದೂಕಲ್ಲ, ಯಮ.”

ಬಾಗಿಲಲ್ಲಿ ಗಂಟೆಯ ಚೀಲ ನೆಲಕ್ಕೆ ಬಿದ್ದ ಸದ್ದಾಯಿತು. ರಾವಸಾಬ ಅತ್ತ ನೋಡಿದ. ಇಂದ್ರಾಬಾಯಿಯ ಮುಖ ಕಂಡೊಡನೆ ತಾನು ಏನು ಹೇಳಿದೆನೆಂಬುದು ಅವನಿಗೆ ಅರ್ಥವಾಯಿತು. “ಅಂದ್ರ ಕಟ್ಟಿಗಿ ಭಾಳ ಚಲೋ...” ಎಂದು ಬಾಯಿ ತೆರೆಯುವಷ್ಟರಲ್ಲಿ ಧೂಳಪ್ಪ ಎಲೆಯಡಿಕೆಯ ತಟ್ಟೆ ಮುಟ್ಟಿಬಿಟ್ಟಿದ್ದ. ಹಿರಿಯರು ತಟ್ಟೆ ಮುಟ್ಟಿದರೆಂದರೆ ತೀರ್ಮಾನ ಮುಗಿಯಿತು.

“ಎಮ್ಮಿಗೆ ಬೆಲಿ ಐತಿ, ಮನ್ಯಾಗ ಇರ್ಲಿ. ಬಂದೂಕಿಗೆ ಬೆಲಿ ಇಲ್ಲ, ಮಗಳಿಗೆ ಹೋಗ್ಲಿ. ಮತ್ತ ಇಂಥಾ ಯಮನ್ನ ಸಂಬಾಳಸಾಕ ದೇಸಾಯರ ಜೋಡಿ ಪಳಗಿದ ಅಳಿಯಾನs ಬೇಕು. ಲೈಸನ್ಸಿನ ಹೆಸರು ಬದಲಿ ಮಾಡಸಾಕ ಇಂದs ಸಿಂದಗಿ ಠಾಣೇಕ ತಗೊಂಡು ಹೋಗ್ರಿ.”

ಗದ್ದಲ ಕೇಳಿ ಹುಚ್ಚವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸಂಗತಿ ಕೇಳಿ, “ಬಾಯಾಗಿರೂದು ಮದ್ದಲ್ಲೋ, ಹೂರಣ” ಎಂದಳು. “ಮಾನೌಮಿಗೆ ಪೂಜಿ ಮಾಡಿ ಎಡಿ ಹಿಡೀಬೇಕಲ್ಲ. ಬಾಯಿದ್ದ ದೇವರಿಗೆ ಬಾಯಾಗs ಇಡತೇನಿ. ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಇಡಾಕತ್ತೇನಿ. ನಳಿಗೆ ತುಪ್ಪಾನೂ ಬಿಡತೇನಿ.”

“ಹಂಗಾರ ಗುಂಡು ಇಲ್ಲೇನತ್ತಿ?” ಎಂದು ರಾವಸಾಬ ಕಂಬದ ಹಿಂದಿನಿಂದ ಕೇಳಿದ.

“ಹೂರಣದ್ದು ನಾ ಬಲ್ಲೆ ಅಳ್ಯಾರ. ಹೂರಣದ ಹಿಂದ ಏನೈತಿ ಅನ್ನೂದು ನಿಮ್ಮ ಮಾವಗs ಗೊತ್ತು.”

ಮಾವನನ್ನು ಕೇಳಲು ಹೋಗುವ ದಾರಿ ರಾವಸಾಬನಿಗೆ ಇಷ್ಟವಿರಲಿಲ್ಲ.

ಸಿಂದಗಿಯ ಬಸ್ಸಿನಲ್ಲಿ ಬಂದೂಕು ಕೌದಿಯಲ್ಲಿ ಸುತ್ತಿ ಇಂದ್ರಾಬಾಯಿಯ ತೊಡೆಯ ಮೇಲೆ ಮಲಗಿತ್ತು. ರಾವಸಾಬ ಅವಳ ಪಕ್ಕದ ಸೀಟು ಖಾಲಿಯಿದ್ದರೂ ಹಿಂದಿನ ಬಾಗಿಲಿನ ಸರಳು ಹಿಡಿದು ನಿಂತಿದ್ದ. ಬಸ್ಸು ತೆಗ್ಗಿಗೆ ಬಿದ್ದಾಗಲೆಲ್ಲ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದ. ಇಂದ್ರಾಬಾಯಿ ಎಮ್ಮೆಗೆಂದು ತಂದ ಹಗ್ಗವನ್ನು ಕೈಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಅದು ಬಂದೂಕಿಗಿಂತ ಹೆಚ್ಚು ಭಯದ ಸಂಗತಿಯಾಗಿತ್ತು.

ಠಾಣೆಯ ಹವಾಲ್ದಾರ ಶಮಶುದ್ದೀನ ಕೌದಿ ಬಿಚ್ಚಿ, ಅಡಕೊತ್ತು ತೆರೆದಷ್ಟು ಸಲೀಸಾಗಿ ಬಳೆ ಎಳೆದ. ರಾವಸಾಬ ಅಷ್ಟರಲ್ಲಿ ಬಾಗಿಲ ಹೊರಗಿದ್ದ. ಹೊಟ್ಟೆ ತೆರೆಯಿತು. ಒಳಗೆ ಏನೂ ಇರಲಿಲ್ಲ. ಹವಾಲ್ದಾರ ಕಡ್ಡಿಯಿಂದ ಚುಚ್ಚಿದಾಗ ಬಾಯಿಂದ ಕಲ್ಲಿನಂಥ ಹೂರಣದ ಬಿರಡೆ ಬಿದ್ದು ಟೇಬಲ್ಲಿನ ಮೇಲೆ ಉರುಳಿತು. ಅವನು ಹೆಬ್ಬಟ್ಟಿನ ಉಗುರು ಹಿಡಿದು, ಬಾಯಿಗೆ ಕಣ್ಣು ಹಚ್ಚಿ ನೋಡಿದ. ಬಹಳ ಹೊತ್ತು ನೋಡಿದ.

“ಯವ್ವಾ, ಬಾಯಿ ಮುಚ್ಚಿದ್ದಕ್ಕ ಒಳಗ ಧೂಳಿಲ್ಲ, ತುಪ್ಪದ ಜಿಡ್ಡಿಗೆ ತುಕ್ಕ ಹಿಡದಿಲ್ಲ. ಕನ್ನಡಿ ಇದ್ದಂಗೈತಿ. ನನ್ನ ನೌಕರಿಯಾಗ ಇಷ್ಟು ಹಳೇದು ಇಷ್ಟು ಚಲೋ ನೋಡಿಲ್ಲ. ಇದಕ್ಕ ಬೆಲಿ ಇಲ್ಲ ಅಂದಾಂವ ಯಾಂವ?”

ಇಂದ್ರಾಬಾಯಿ ಸೆರಗಿನಿಂದ ಬಾಗಿಲ ಕಡೆ ತೋರಿಸಿದಳು. “ಅಕಾ, ಹೊರಗ ನಿಂತಾರಲ್ಲ, ದೇಸಾಯರ ಜೋಡಿ ಬುತ್ತಿಗಂಟ ಹೊತ್ತವರು.”

ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದು ಹೂರಣದ ಜೊತೆಗೇ ಹೊರಬಿತ್ತು.

“ಆದ್ರ ಇದರ ಗುಂಡು ಈಗ ಎಲ್ಲೂ ಸಿಗಂಗಿಲ್ರಿ. ತೂಗ ಹಾಕಿ ಚಂದ ನೋಡ್ಕೊಂಡು ಕುಂಡ್ರ್ರಿ” ಎಂದ ಹವಾಲ್ದಾರ.

ಇಂದ್ರಾಬಾಯಿ ಗೋಡೆಗೆ ತೂಗ ಹಾಕಲಿಲ್ಲ. ಲೈಸನ್ಸು ಆಗಿ ಬಂದೂಕು ಮನಗೂಳಿಗೆ ಬಂದ ದಿನ ಅದರ ಬಳೆಗೆ ಸಂತೆಯ ಹೊಸ ಹಗ್ಗ ಹಾಕಿ, ಕೊರಳಿಗೆ ಹಿತ್ತಾಳೆಯ ಗಂಟೆ ಕಟ್ಟಿ, ಎಮ್ಮೆಗೆಂದು ಬಳಿದು ಸಾರಿಸಿಟ್ಟಿದ್ದ ಒಳಗಿನ ಕೊಟ್ಟಿಗೆಯ ಗೂಟಕ್ಕೆ ಕಟ್ಟಿದಳು. ಮರುದಿನ ಬೆಳಿಗ್ಗೆ ರಾವಸಾಬ ಎಂದಿನಂತೆ ಕಟ್ಟೆಯ ಮೇಲೆ ಕೂತು, “ಚಾ ಎಲ್ಲೈತಿ?” ಎಂದ.

ಹೆಂಡತಿ ತೊಳೆದ ಚರಿಗೆಯೊಂದನ್ನು ತಂದು ಅವನ ಮುಂದಿಟ್ಟಳು.

“ಹಾಲಿಲ್ಲ. ಹೋಗಿ ಹಿಂಡ್ಕೊಂಡು ಬರ್ರಿ” ಎಂದಳು. “ಒದಿಯಂಗಿಲ್ಲ, ಹೆದರಬ್ಯಾಡ್ರಿ.”