ಉಬ್ಬರಿಸಿಕೊಂಡ ಕಬ್ಬಿಣ

ಬೆಚ್ಚಗಿನ ಮನೆಯಲ್ಲಿ ಕೆಲಸಕ್ಕಿದ್ದವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚಳಿ ಕಾಯಿಸಿಕೊಳ್ಳಲು ಅದೇ ಒಳಗೆ ಬಂದು ಕೂತುಬಿಡುತ್ತೆ.

ಎಪ್ಪತ್ತೆಂಟು, ಎಪ್ಪತ್ತೊಂಬತ್ತರ ಮಾತು. ತಿಗನಾರೆ ಆಚೆ ಕಾಡಂಚಿನ ಬಂಗಲೆಯಲ್ಲಿ ನಾನೂ ನಮ್ಮ ಯಜಮಾನ್ರೂ ಕೆಲಸಕ್ಕಿದ್ದೆವು. ಯಾವನೋ ಬಿಳಿ ದೊರೆ ಕಟ್ಟಿಸಿದ ಮನೆ. ಹಿತ್ತಲಲ್ಲಿ ಸೌದೆ ಉರಿಸುವ ಬಾಯ್ಲರು. ಅದರ ಬಿಸಿನೀರು ಕೊಳವೆಯಲ್ಲಿ ಮನೆಯೆಲ್ಲ ಸುತ್ತಿ, ಕೋಣೆಕೋಣೆಯ ರೇಡಿಯೇಟರಿಗೆ ಹೋಗಿ, ವಾಪಸು ಬರೋದು. ರೇಡಿಯೇಟರು ಅಂದರೆ ಪಕ್ಕೆಲುಬು ಎದ್ದ ಕಬ್ಬಿಣದ ಹಸು ಗೋಡೆಗೆ ಒರಗಿ ನಿಂತ ಹಾಗೆ. ಹೊರಗೆ ಮಂಜು ಕಿಟಕಿಗೆ ಮೂಗು ಒತ್ತಿ ನಿಂತಿರೋದು, ಒಳಗೆ ಕೊಳವೆ ನಿದ್ದೆಗಣ್ಣಿನ ಮಗುವಿನಂತೆ ಗುಳುಗುಳು ಅನ್ನೋದು. ಕೇಳುತ್ತ ಕೂತರೆ ನಾನೂ ಬಿಸಿನೀರಾಗಿ ಮನೆಯೆಲ್ಲ ಹರಿದು ಬಂದ ಹಾಗಾಗೋದು.

ಅಲ್ಲಿದ್ದವರು ದೊಡ್ಡವ್ವಾರು, ಬಂಗಲೆಯ ಒಡೆಯ ಸಾವ್ಕಾರರ ತಾಯಿ. ಹುಟ್ಟೂರು ಗೆಟ್ಟವಾಡಿ, ಕಾಲಿಗೆ ಮಂಡಿನೋವು. ಕೊಯಮತ್ತೂರಿನಲ್ಲಿದ್ದ ಸಾವ್ಕಾರರು ತಾಯಿಗೆ ಖಂಡಿತವಾಗಿ ಹೇಳಿದ್ದರು: "ನಿನ್ನ ಕೋಣೆ ಒಂದು ದಿನ ತಣ್ಣಗಿರೋದು ಕಂಡರೂ ಅವತ್ತೇ ಕಾರಲ್ಲಿ ಕೂರಿಸ್ಕೊಂಡು ಹೋಗ್ತೀನಿ."

ದೊಡ್ಡವ್ವಾರು ನನ್ನ ಕೈ ಹಿಡಿದರು. "ಅಲ್ಲಿ ನನ್ ಮಾತಿಗೆ ಊಂಗುಟ್ಟೋರು ಯಾರಮ್ಮಿ? ಎಂಗಾರ ಮಾಡಿ ಇದ ಬೆಚ್ಚಗಿಡು."

ಕಬ್ಬಿಣ ಮೇದದ್ದು

ಒಂದು ಬೆಳಗ್ಗೆ ಅವರ ರೇಡಿಯೇಟರು ಕೆಳಗೆ ಬಿಸಿ, ಮೇಲೆ ತಣ್ಣಗೆ. ಬೆರಳ ಗೆಣ್ಣಿನಿಂದ ಕುಟ್ಟಿದೆ. ಕೆಳಗೆ ದಪ್ ದಪ್, ಮೇಲೆ ಡಬ್ ಡಬ್. ಹಸಿ ಅವರೆಬಳ್ಳಿ ಮೇದ ಹಸುವಿನ ಪಕ್ಕೆ ಹೀಗೇ ಸದ್ದು ಮಾಡೋದು.

"ಒಟ್ಟೆ ಉಬ್ಬರ" ಅಂದೆ.

"ಕಬ್ಬಿಣ ಏನ ಮೇದದು?" ಅಂದರು ಯಜಮಾನ್ರು.

"ಗಾಳಿ."

ಮೇಲ್ತುದಿಯಲ್ಲೊಂದು ಪುಟ್ಟ ತಿರುಪು. ಚಾವಿ ಹಾಕಿ ಸಡಿಲಿಸಿದೆ. ಉಸ್ಸಂತ ಗಾಳಿ ಹೋಯಿತು, ಹಿಂದೆಯೇ ಕರೀನೀರು ಚಿಮ್ಮಿತು. ಬಿಗಿದೆ. ಸ್ವಲ್ಪ ಹೊತ್ತಿಗೆ ಮೇಲೂ ಬಿಸಿ.

ಅವತ್ತಿಂದ ಯಜಮಾನ್ರು ಬಾಯ್ಲರಿಗೆ ಒಂದೇ ಒಂದು ಹಸಿ ಸೌದೆ ಹಾಕಲಿಲ್ಲ. "ತಿರ್ಗಾ ಉಬ್ಬರಿಸ್ಕಂಡ್ರೆ?"

ಸಾಕ್ಷಿ

ಆಮೇಲೆ ಕೊಳವೆಯಲ್ಲಿ ಕೊಕ್ ಕೊಕ್ ಅನ್ನೋ ಸದ್ದು. ಇದೂ ಗಾಳಿಯೇ ಅಂತ ಎರಡು ಸಲ ತಿರುಪು ಬಿಚ್ಚಿದೆ. ಸದ್ದು ನಿಲ್ಲಲಿಲ್ಲ.

ಅಷ್ಟರಲ್ಲಿ ಸಾವ್ಕಾರರು ಬಂದರು. "ಬೆಚ್ಚಗಿದ್ಯಾ ಅವ್ವ?"

"ಅದ ಕಣ್ಲಾ ಮಗ."

"ನಿಜ ಹೇಳು."

ರೇಡಿಯೇಟರಿನ ಹಿಂದಿನಿಂದ, ಮೂರು ವಾರದಿಂದ ಕಾಣೆಯಾಗಿದ್ದ ನಮ್ಮ ಕೋಳಿ ಕೊಕ್ ಕೊಕ್ ಅನ್ನುತ್ತ ಎದ್ದು ಬಂತು. ಅದರ ಹಿಂದೆ ಏಳು ಮರಿ, ಕಣ್ಣು ಪಿಳಿಪಿಳಿ ಬಿಡುತ್ತ ಸಾವ್ಕಾರರ ಬೂಟಿನ ಮೇಲೆ ಹತ್ತಿದವು.

ದೊಡ್ಡವ್ವಾರು ಅಂದರು, "ನನ್ ನಂಬಬ್ಯಾಡ. ಅವುನ್ನೇ ಕೇಳ್ಕೊ."

ಸೆಕೆ

ಗಾಳಿ ಬಿಟ್ಟಾಗೆಲ್ಲ ನೀರೂ ಅಷ್ಟು ಹೋಗುತ್ತೆ. ಕೊಳವೆಗೆ ನೀರು ಬಿಡುವ ಅಟ್ಟದ ಮೇಲಿನ ತೊಟ್ಟಿಗೆ ಕೆರೆಯಿಂದ ಹೊತ್ತು ತಂದು ತುಂಬಬೇಕು. ಒಂದು ದಿನ ಆನೆಗಳು ಕೆರೆಗಿಳಿದವು, ಮಧ್ಯಾಹ್ನವಾದರೂ ಮೇಲೇಳಲಿಲ್ಲ. ತೊಟ್ಟಿ ಬರಿದಾಯಿತು, ಕೊಳವೆಯೆಲ್ಲ ಗಾಳಿ. ನೀರಿಲ್ಲದ ಬಾಯ್ಲರು ಸಿಡಿದೀತೆಂದು ಬೆಂಕಿ ಆರಿಸಿದೆ. ಕೋಣೆ ಹೊಳೆಕಲ್ಲಿನಂತೆ ತಣ್ಣಗಾಯಿತು.

ಆಗ ಕಾರಿನ ಸದ್ದು.

ದೊಡ್ಡವ್ವಾರು ಕಂಬಳಿ ಕಿತ್ತೆಸೆದರು. "ಬೀಸಣಿಗೆ ತತ್ತಾ ಅಮ್ಮಿ! ಅಣೆಗೆ ಒಸಿ ನೀರ್ ಚಿಮುಕ್ಸು, ಬೆವರಿದ್ದಂಗೆ ಕಾಣ್ಲಿ!"

ನಾನು ಚಿಮುಕಿಸಿದೆ. ಪಾಪ, ಒಂದೊಂದು ಹನಿಗೂ ಅವರು ಬೆಚ್ಚಿ ಬೀಳೋರು.

ಸಾವ್ಕಾರರು ಒಳಗೆ ಬಂದರು. "ಬೆಚ್ಚಗಿದ್ಯಾ ಅವ್ವ?"

"ಬೆಚ್ಚಗಾ? ಬೇ-ಬೇಯ್ತಾ ಇವ್ನಿ ಕಣ್ಲಾ!" ಹಲ್ಲು ಕಟಕಟ ಅಂತಿತ್ತು.

ಅವರು ರೇಡಿಯೇಟರಿಗೆ ಕೈ ಚಾಚಿದರು.

"ಮುಟ್ಬ್ಯಾಡ! ಕೈ ಸುಟ್ಟೋದದು!"

ಕೈ ಹಿಂದಕ್ಕೆ ಬಂತು. ಹಣೆಯ ಬೆವರು ನೋಡಿ ಅವರ ಮುಖ ಕರಗಿಹೋಯಿತು. "ಅಯ್ಯೋ ಪಾಪ" ಅಂದವರೇ ಎರಡು ಕಿಟಕಿಯನ್ನೂ ಅಗಲವಾಗಿ ತೆರೆದರು.

ಕಾಯುತ್ತಿದ್ದ ಮಂಜು ಸಂಜೆ ಕೊಟ್ಟಿಗೆಗೆ ಬರುವ ದನಗಳಂತೆ ನಿಧಾನವಾಗಿ ಒಳಗೆ ನಡೆಯಿತು. ಮೊದಲು ಮಂಚ ಮರೆಯಾಯಿತು, ಆಮೇಲೆ ದೊಡ್ಡವ್ವಾರು, ಆಮೇಲೆ ಸಾವ್ಕಾರರು. ಮೋಡದೊಳಗೆ ನಾನೊಬ್ಬಳೇ ತೇಲುತ್ತಿರುವ ಹಾಗಿತ್ತು. ಎಲ್ಲಿಂದಲೋ ಮಗನ ದನಿ ಬಂತು:

"ಈಗ ಹಿತವಾಯ್ತಾ ಅವ್ವ?"

ಇನ್ನೆಲ್ಲಿಂದಲೋ ತಾಯಿಯ ದನಿ: "ಆ... ಆ... ಆಯ್ತು ಕಣ್ಲಾ."

ತಾಯಿಯನ್ನು ಕರೆದುಕೊಂಡು ಹೋಗುವ ಮಾತೇ ಎತ್ತದೆ ಸಾವ್ಕಾರರು ಕಾರು ಹತ್ತಿದರು. ಹತ್ತಿದವರು ನನ್ನನ್ನು ಕರೆದು ಗದರಿದರು:

"ವಯಸ್ಸಾದವರನ್ನ ಹಿಂಗಾ ಬೇಯಿಸೋದು? ನಾಳೆಯಿಂದ ಸೌದೆ ಅರ್ಧಕ್ಕರ್ಧ ಕಮ್ಮಿ ಹಾಕು!"